ಗ್ಯಾಸ್ ಬ್ರೂಡರ್ ಪದೇ ಪದೇ ಆರುವುದು: ಕಾರಣ ಮತ್ತು ಪರಿಹಾರ

ಕೋಳಿಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಅಗತ್ಯ. ರಾತ್ರಿ ಬ್ರೂಡರ್ ಆರಿದರೆ ಮರಿಗಳು ಚಳಿಗೆ ಒಂದರ ಮೇಲೊಂದು ಗುಂಪುಗೂಡಿ ಉಸಿರುಗಟ್ಟಿ ಸಾಯುತ್ತವೆ.

• ಗುಂಡಿ ಬಿಟ್ಟೊಡನೆ ಆರಿದರೆ: ಥರ್ಮೋಕಪಲ್ ಕಾಯದಿದ್ದಲ್ಲಿ ಸುರಕ್ಷತಾ ಕವಾಟವು ಅನಿಲವನ್ನು ತಡೆಯುತ್ತದೆ. ಅದರ ತುದಿಯ ಮಸಿ ಒರೆಸಿ, ತುದಿಯು ಜ್ವಾಲೆಯೊಳಗೆ ಇರುವಂತೆ ಹೊಂದಿಸಬೇಕು; ಹೊತ್ತಿಸಿದ ಬಳಿಕ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಬೇಕು.
• ಜ್ವಾಲೆ ಹಳದಿಯಾಗಿದ್ದರೆ: ಗಾಳಿಯ ರಂಧ್ರಗಳಲ್ಲಿ ಸೇರಿದ ಧೂಳು, ಪುಕ್ಕಗಳನ್ನು ತೆಗೆಯಬೇಕು.
• ಉರಿ ಕ್ರಮೇಣ ಕುಗ್ಗಿ, ಸಿಲಿಂಡರ್ ಮೇಲೆ ಹಿಮ ಕಟ್ಟಿದರೆ: ಬಳಕೆಯ ವೇಗಕ್ಕೆ ಅನಿಲ ಆವಿಯಾಗುತ್ತಿಲ್ಲ. ಇನ್ನೊಂದು ಸಿಲಿಂಡರ್ ಜೋಡಿಸಬೇಕು. ಸಿಲಿಂಡರನ್ನು ಬಿಸಿ ಮಾಡಬಾರದು.

ಎಚ್ಚರಿಕೆ: ಗುಂಡಿಯನ್ನು ಕಟ್ಟಿ ಕವಾಟವನ್ನು ತೆರೆದಿಡುವುದು ಬೆಂಕಿ ಅನಾಹುತಕ್ಕೆ ದಾರಿ. ಮರಿಗಳು ಬರುವ 24 ಗಂಟೆ ಮೊದಲೇ ಬ್ರೂಡರನ್ನು ಉರಿಸಿ ಪರೀಕ್ಷಿಸುವುದು ಸೂಕ್ತ.