ವಾಲಚಂದರ ಊರಿನ ಪದ್ಮಿನಿ

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿಗೆ ನಲವತ್ತು ದಾಟಿದೆ. ಹೋದ ಶ್ರಾವಣದಲ್ಲಿ ಸೊಲ್ಲಾಪುರದಿಂದ ಅಕ್ಕಲಕೋಟೆಗೆ, ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟಾಗ ವಳಸಂಗ ದಾಟುತ್ತಲೇ ಮೊಂಡು ಹಿಡಿಯಿತು. ಎಕ್ಸಲೇಟರ್ ತುಳಿದರೆ ಇಂಜಿನ್ ಒದರುತ್ತದೆ, ಗಾಡಿ ಮಾತ್ರ ಎತ್ತಿನ ಬಂಡಿಯ ನಡಿಗೆ. ಜತೆಗೆ ಸುಟ್ಟ ವಾಸನೆ.

ಅಕ್ಕಲಕೋಟೆಯ ಮುದಿ ಮಿಸ್ತ್ರಿ ಬಾನೆಟ್ ಎತ್ತಲೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಸ್ಟೇರಿಂಗ್ ಪಕ್ಕದ ಗೇರನ್ನು ನಾಲ್ಕಕ್ಕೆ ಹಾಕಿ ಕ್ಲಚ್ ಬಿಟ್ಟ. "ಇಂಜಿನ್ ಬಂದ್ ಆಗಬೇಕಿತ್ರಿ ಅಣ್ಣಾರ, ಆಗ್ಲಿಲ್ಲ. ಪ್ಲೇಟ್ ಜಾರಾಕತ್ತೈತಿ." ಪೆಡಲಿನ ಸಡಿಲು ಸರಿಯಿತ್ತು. ಗೇರ್‌ಬಾಕ್ಸ್ ಇಳಿಸಿದರೆ ಪ್ಲೇಟಿನ ಮೇಲೆ ಎಣ್ಣೆ ಮಿರಮಿರ. ರಿವೆಟ್‌ನ ತಲೆಗಳು ಲೈನಿಂಗ್‌ನ ಮಟ್ಟಕ್ಕೆ ಬಂದಿದ್ದವು. ಹಿಂದೆ ಸೊಲ್ಲಾಪುರದಲ್ಲಿ ಒಬ್ಬ ಬರೀ ಪ್ಲೇಟ್ ಬದಲಿಸಿ ದುಡ್ಡು ಎಣಿಸಿಕೊಂಡಿದ್ದ, ಎಣ್ಣೆ ಎಲ್ಲಿಂದ ಸೋರುತ್ತದೆಂದು ನೋಡಿರಲಿಲ್ಲ.

ಕಾಯುತ್ತ ಕೂತಾಗ ನೆನಪಾಯಿತು: ಈ ಕಾರಿನ ಮೂಲಪುರುಷರು ನಮ್ಮೂರವರೇ. ವಾಲಚಂದ್ ಹಿರಾಚಂದ್ 1882ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದರು. ಹಡಗು, ವಿಮಾನಗಳ ಕಾರ್ಖಾನೆ ಕಟ್ಟಿದ ಮನುಷ್ಯ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ಗೂ ಕೈಹಾಕಿದರು. 1953ರಲ್ಲಿ ತೀರಿಕೊಂಡರು. ಇಟಲಿಯ ಫಿಯೆಟ್ 1100ರ ಅವತಾರಕ್ಕೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಬಿದ್ದದ್ದನ್ನು ಅವರು ಕಾಣಲಿಲ್ಲ. ಮುಂಬಯಿಯ ಕಾಳಿಪೀಲಿ ಟ್ಯಾಕ್ಸಿಯಾಗಿ ಅದು ಮೆರೆದದ್ದನ್ನೂ.

ಮಿಸ್ತ್ರಿ ಮೊದಲು ಹಾಕಿದ್ದು ಹೊಸ ಆಯಿಲ್ ಸೀಲ್, ಆಮೇಲೆ ಪ್ಲೇಟ್. ಹಳೇ ಗಾಡಿ ಇಟ್ಟವರಿಗೆ ಒಂದು ಮಾತು: ಹಳೇ ಲೈನಿಂಗ್‌ನಲ್ಲಿ ಕಲ್ನಾರು ಇರಬಹುದು, ಆ ಧೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.