ವಿಪಿಎನ್ ದೂರವಾಣಿ: ಗೃಹ ರೂಟರುಗಳಲ್ಲಿ ದೋಷಪರಿಶೋಧನೆ

ಕಚೇರಿಯ ಮೇಜಿನ ಮೇಲಿರುವಂಥದೇ ಐಪಿ ದೂರವಾಣಿಯೊಂದನ್ನು ನೌಕರರ ಮನೆಯ ರೂಟರಿಗೆ ಜೋಡಿಸಿ, ಆ ಉಪಕರಣದೊಳಗೇ ಅಡಕವಾಗಿರುವ ವಿಪಿಎನ್ ತಂತ್ರಾಂಶದ ಬಲದಿಂದ ಕಚೇರಿಯ ಜಾಲದವರೆಗೆ ಗೂಢಲಿಪಿಯ ಸುರಂಗವೊಂದನ್ನು ನಿರ್ಮಿಸಿ, ಕಚೇರಿಯ ಎಕ್ಸ್‌ಟೆನ್ಷನ್ ಸಂಖ್ಯೆಯಲ್ಲಿಯೇ ಕರೆಗಳನ್ನು ಮಾಡಲೂ ಸ್ವೀಕರಿಸಲೂ ಅನುವಾಗಿಸುವ ಏರ್ಪಾಟಿಗೆ ವಿಪಿಎನ್ ದೂರವಾಣಿಯೆಂದು ಹೆಸರು. ಅವಾಯಾ ಸಂಸ್ಥೆಯ 9600 ಶ್ರೇಣಿಯ ದೂರವಾಣಿಗಳು ಇದಕ್ಕಾಗಿ ಐಪಿಸೆಕ್ ವಿಧಾನವನ್ನೂ, ಸಿಸ್ಕೊ ಸಂಸ್ಥೆಯ 7900 ಶ್ರೇಣಿಯ ಕೆಲವು ಮಾದರಿಗಳು ಎಸ್‌ಎಸ್‌ಎಲ್ ವಿಧಾನವನ್ನೂ, ಯಾಲಿಂಕ್‌ನ ಅನೇಕ ಮಾದರಿಗಳು ಓಪನ್‌ವಿಪಿಎನ್ ವಿಧಾನವನ್ನೂ ಅವಲಂಬಿಸಿವೆ. ಗೃಹ ರೂಟರುಗಳೊಡನೆ ಐಪಿಸೆಕ್ಕಿಗಿರುವ ಘರ್ಷಣೆ ಉಳಿದೆರಡರದಕ್ಕಿಂತ ಆಳವಾದುದಾದ್ದರಿಂದ ಇಲ್ಲಿ ಅದಕ್ಕೆ ಹೆಚ್ಚಿನ ಸ್ಥಳ ಸಂದಿದೆ.

ದೋಷ ತೋರಿದಾಗ ದೂರವಾಣಿಯನ್ನೋ ಅಂತರ್ಜಾಲದ ವೇಗವನ್ನೋ ದೂರುವುದು ರೂಢಿ. ಆದರೆ ದೋಷದ ನೆಲೆ ಬಹುಮಟ್ಟಿಗೆ ರೂಟರಿನ ವಿಳಾಸಪರಿವರ್ತನೆಯ ಕೋಷ್ಟಕದಲ್ಲಿರುತ್ತದೆ, ಇಲ್ಲವೆ ಕಚೇರಿಯಿಂದ ಮನೆಯತ್ತ ಮರಳುವ ಮಾರ್ಗದಲ್ಲಿರುತ್ತದೆ; ಇವೆರಡರಲ್ಲಿ ಯಾವುದೆಂಬುದನ್ನು, ದೋಷದ ತೀವ್ರತೆಗಿಂತಲೂ ಅದು ತಲೆದೋರುವ ಗಳಿಗೆಯೇ ಹೆಚ್ಚು ನಿಖರವಾಗಿ ಸೂಚಿಸುತ್ತದೆ.

ಇತಿಹಾಸ

ಈ ತೊಡಕಿನ ಮೂಲ ಪರಸ್ಪರ ವಿರುದ್ಧ ಸ್ವಭಾವದ ಎರಡು ಆವಿಷ್ಕಾರಗಳಲ್ಲಿದೆ. ಐಪಿ ನಾಲ್ಕನೆಯ ಆವೃತ್ತಿಯ 32 ಬಿಟ್‌ಗಳ ವಿಳಾಸಗಳು ಮುಗಿದುಹೋದಾವೆಂಬ ಆತಂಕ ಆವರಿಸಿದ್ದ ಕಾಲದಲ್ಲಿ, 1994ರ ಮೇ ತಿಂಗಳ ಅಂತರ್ಜಾಲದ ತಾಂತ್ರಿಕ ದಾಖಲೆ ಆರ್‌ಎಫ್‌ಸಿ 1631 ವಿಳಾಸಪರಿವರ್ತನೆಯ, ಎಂದರೆ ನ್ಯಾಟ್‌ನ, ಕ್ರಮವನ್ನು ವಿವರಿಸಿತು. 1996ರ ಆರ್‌ಎಫ್‌ಸಿ 1918, ಇಂದು ಮನೆಮನೆಯಲ್ಲಿಯೂ ಕಾಣುವ 192.168ರ ಸರಣಿಯೂ ಸೇರಿದಂತೆ ಮೂರು ವಿಳಾಸಖಂಡಗಳನ್ನು ಖಾಸಗಿ ಬಳಕೆಗೆಂದು ಗೊತ್ತುಪಡಿಸಿತು. ಹೊರಹೋಗುವ ಪ್ಯಾಕೆಟ್ಟಿನ ಮೂಲವಿಳಾಸವನ್ನೂ ಪೋರ್ಟ್ ಸಂಖ್ಯೆಯನ್ನೂ ತಿದ್ದಿ, ತಿದ್ದಿದುದನ್ನು ಕೋಷ್ಟಕದಲ್ಲಿ ಬರೆದಿಟ್ಟು, ಮರಳಿಬರುವ ಪ್ಯಾಕೆಟ್ಟನ್ನು ಆ ಬರೆಹದ ಆಧಾರದಿಂದಲೇ ತಕ್ಕ ಉಪಕರಣಕ್ಕೆ ತಲಪಿಸುವುದು ಗೃಹ ರೂಟರಿನ ಮುಖ್ಯ ಕಾರ್ಯವಾಯಿತು.

ಇತ್ತ 1998ರ ನವೆಂಬರಿನಲ್ಲಿ ಆರ್‌ಎಫ್‌ಸಿ 2401 ಮತ್ತು ಅದರ ಸಹಪತ್ರಗಳಲ್ಲಿ ನಿರೂಪಿತವಾದ ಐಪಿಸೆಕ್ಕಿನ ಮೂಲಪ್ರತಿಜ್ಞೆಯೇ, ನಡುದಾರಿಯಲ್ಲಿ ಪ್ಯಾಕೆಟ್ಟನ್ನು ಯಾರೂ ತಿದ್ದಲಾಗದಂತೆ ಕಾಯುವುದು. ಅದರ ಎರಡು ಅಂಗಗಳಲ್ಲಿ ಎಎಚ್ ಎಂಬುದು, ಪ್ರೋಟೊಕಾಲ್ ಸಂಖ್ಯೆ 51, ವಿಳಾಸವನ್ನೂ ಒಳಗೊಂಡು ಪ್ಯಾಕೆಟ್ಟಿಗೆ ಮುದ್ರೆಯೊತ್ತುವುದರಿಂದ, ವಿಳಾಸ ಬದಲಾದೊಡನೆ ಮುದ್ರೆ ಒಡೆದು ಪ್ಯಾಕೆಟ್ಟು ತಿರಸ್ಕೃತವಾಗುತ್ತಿತ್ತು. ಇಎಸ್‌ಪಿ ಎಂಬುದಕ್ಕೆ, ಪ್ರೋಟೊಕಾಲ್ ಸಂಖ್ಯೆ 50, ಈ ಬಾಧೆಯಿಲ್ಲದಿದ್ದರೂ ಪೋರ್ಟ್ ಸಂಖ್ಯೆಯೇ ಇಲ್ಲವಾದ್ದರಿಂದ ನ್ಯಾಟ್‌ನ ಕೋಷ್ಟಕಕ್ಕೆ ಬರೆದುಕೊಳ್ಳಲು ಗುರುತೇ ದೊರೆಯುತ್ತಿರಲಿಲ್ಲ. ಇದಕ್ಕೆ ತಯಾರಕರು ಐಪಿಸೆಕ್ ಪಾಸ್‌ಥ್ರೂ ಎಂಬ ತಾತ್ಕಾಲಿಕ ಉಪಾಯವನ್ನು ಹೂಡಿ, ಬಂದ ಇಎಸ್‌ಪಿ ಪ್ಯಾಕೆಟ್ಟುಗಳನ್ನೆಲ್ಲ ಕಡೆಯ ಸಲ ಸುರಂಗ ತೆರೆದ ಒಂದೇ ಉಪಕರಣಕ್ಕೆ ಕಳುಹಿಸತೊಡಗಿದರು. ಒಂದೇ ಕಚೇರಿಯಲ್ಲಿ ದುಡಿಯುವ ದಂಪತಿಗಳ ಮನೆಯಲ್ಲಿ ಒಬ್ಬರ ದೂರವಾಣಿ ಸಿದ್ಧವಾದೊಡನೆ ಮತ್ತೊಬ್ಬರದು ಮೌನವಾಗುವ ವಿಚಿತ್ರ ದೋಷಕ್ಕೆ ಹಳೆಯ ರೂಟರುಗಳಲ್ಲಿ ಇಂದಿಗೂ ಇದೇ ಕಾರಣವಾಗಿರುವುದುಂಟು.

ಶಾಶ್ವತ ಪರಿಹಾರ 2005ರ ಜನವರಿಯಲ್ಲಿ ಆರ್‌ಎಫ್‌ಸಿ 3947 ಮತ್ತು 3948ರ ರೂಪದಲ್ಲಿ ಬಂತು. ಎರಡು ತುದಿಗಳೂ ತಮಗೆ ತಿಳಿದಂತೆ ತಮ್ಮ ವಿಳಾಸ ಮತ್ತು ಪೋರ್ಟುಗಳ ಸಾರಾಂಕವನ್ನು ಮೊದಲ ಸಂಭಾಷಣೆಯಲ್ಲಿ ವಿನಿಮಯಮಾಡಿಕೊಂಡು, ಅವು ಹೊಂದದಿದ್ದರೆ ನಡುವೆ ನ್ಯಾಟ್ ಇದೆಯೆಂದು ಊಹಿಸಿ, ಯುಡಿಪಿ 500ರಲ್ಲಿ ಆರಂಭವಾದ ಮಾತುಕತೆಯನ್ನು ಯುಡಿಪಿ 4500ಕ್ಕೆ ಸ್ಥಳಾಂತರಿಸಿ, ಅಲ್ಲಿಂದ ಮುಂದೆ ಇಎಸ್‌ಪಿಯನ್ನೆಲ್ಲ ಯುಡಿಪಿಯ ಹೊದಿಕೆಯಲ್ಲಿ ಸಾಗಿಸುವ ಈ ನ್ಯಾಟ್ ಟ್ರಾವರ್ಸಲ್ ಕ್ರಮವೇ ಗೃಹ ವಿಪಿಎನ್ ದೂರವಾಣಿಯನ್ನು ಸಾಧ್ಯಗೊಳಿಸಿತೆಂದರೆ ಅತಿಶಯೋಕ್ತಿಯಾಗಲಾರದು. ರೂಟರಿನ ಕೋಷ್ಟಕ ಮರೆಯದಂತೆ, ಬೇರೆ ಪ್ಯಾಕೆಟ್ಟು ಹೋಗದಿರುವಾಗ ಒಂದು ಬೈಟಿನ ಜಾಗೃತಿಸಂದೇಶವನ್ನು 20 ಸೆಕೆಂಡಿಗೊಮ್ಮೆ ಕಳುಹಿಸುವುದನ್ನು ಆರ್‌ಎಫ್‌ಸಿ 3948 ಪೂರ್ವನಿಯೋಜಿತ ಕ್ರಮವಾಗಿ ಸೂಚಿಸಿದೆ.

ದೋಷಗಳು ತಲೆದೋರುವ ಹಂತಗಳು

ಸುರಂಗದ ಮಾತೇ ಏಳದ ಮೊದಲ ಹಂತದಲ್ಲಿ ಪರೀಕ್ಷಿಸಬೇಕಾದುವು ಎರಡೇ. ಕಚೇರಿಯ ಸ್ವಿಚ್ಚು ಈಥರ್ನೆಟ್ ತಂತಿಯಲ್ಲಿಯೇ ವಿದ್ಯುತ್ತನ್ನೂ ಒದಗಿಸುವುದುಂಟು, ಗೃಹ ರೂಟರುಗಳು ಸಾಮಾನ್ಯವಾಗಿ ಒದಗಿಸವು. ಆದುದರಿಂದ ದೂರವಾಣಿಗೆ ಪ್ರತ್ಯೇಕ ಅಡಾಪ್ಟರು ಬೇಕು. ಎರಡನೆಯದಾಗಿ, ಕಚೇರಿಯಲ್ಲಿದ್ದಾಗ ಕಲಿತ ವಿಲ್ಯಾನ್, ಎಂದರೆ ಜಾಲವಿಭಾಗದ, ಸಂಖ್ಯೆಯನ್ನು ನೆನಪಿಟ್ಟುಕೊಂಡ ದೂರವಾಣಿ ಮನೆಯಲ್ಲಿಯೂ ಅದೇ ಗುರುತನ್ನು ಹಚ್ಚಿ ವಿಳಾಸ ಬೇಡುತ್ತದೆ. ರೂಟರು ಅದನ್ನು ಅರಿಯದೆ ಸುಮ್ಮನಿರುತ್ತದೆ. ಹಳೆಯ ವಿನ್ಯಾಸವನ್ನು ಅಳಿಸಿದರೆ ಇದು ಪರಿಹಾರವಾಗುತ್ತದೆ.

ವಿಳಾಸ ದೊರೆತೂ ಸುರಂಗ ಏರ್ಪಡದಿದ್ದರೆ ಕಚೇರಿಯ ವಿಪಿಎನ್ ದ್ವಾರದ ದಾಖಲೆಯನ್ನು ನೋಡದೆ ಮುಂದುವರಿಯುವುದು ವ್ಯರ್ಥ. ಅಲ್ಲಿ 500ರ ಪ್ಯಾಕೆಟ್ಟು ಬಂದು 4500ರದು ಬಾರದಿದ್ದರೆ ನಡುದಾರಿಯ ತಡೆಯನ್ನು ಶಂಕಿಸಬೇಕು. ಎರಡೂ ಬಂದು ದೃಢೀಕರಣದ ಹೊತ್ತಿಗೆ ನಿಂತರೆ, ಪ್ರಮಾಣಪತ್ರಗಳನ್ನು ಹೊತ್ತ ದೊಡ್ಡ ಸಂದೇಶ ಐಪಿ ತುಣುಕುಗಳಾಗಿ ಒಡೆದು, ಆ ತುಣುಕುಗಳನ್ನು ರೂಟರು ಕೈಬಿಡುತ್ತಿರುವ ಸಂಭವವುಂಟು. ಪಿಪಿಪಿಒಇ ಸಂಪರ್ಕದಲ್ಲಿ ಪ್ಯಾಕೆಟ್ಟಿನ ಗರಿಷ್ಠ ಗಾತ್ರ 1500 ಬೈಟುಗಳಿಂದ 1492ಕ್ಕೆ ಇಳಿಯುವುದು ಈ ಬಾಧೆಯನ್ನು ಹೆಚ್ಚಿಸಬಲ್ಲುದು. ಸುರಂಗದ ಕೀಲಿಗಳನ್ನು ಗೊತ್ತುಪಡಿಸುವ ಐಕೆಇ ಸಂಭಾಷಣೆಯ ಎರಡನೆಯ ಆವೃತ್ತಿಯ ಸಂದೇಶಗಳನ್ನು ತುದಿಯಲ್ಲಿಯೇ ವಿಭಜಿಸುವ ಕ್ರಮವನ್ನು 2014ರ ಆರ್‌ಎಫ್‌ಸಿ 7383 ವಿಧಿಸಿದೆ. ದೂರವಾಣಿಯ ತಂತ್ರಾಂಶ ಅದನ್ನು ಬಲ್ಲುದಾದರೆ ಬಳಸುವುದು ಲೇಸು. ದೂರವಾಣಿಯ ಗಡಿಯಾರ ತಪ್ಪಿದ್ದರೂ ಪ್ರಮಾಣಪತ್ರ ಅಸಿಂಧುವೆಂದು ತೋರಿ ಇದೇ ಲಕ್ಷಣ ಕಾಣಿಸಿಕೊಳ್ಳುತ್ತದೆ.

ಸುರಂಗ ನಿಂತಿದೆ, ಆದರೂ ಎಕ್ಸ್‌ಟೆನ್ಷನ್ ನೋಂದಣಿಯಾಗದು ಎಂಬ ಸ್ಥಿತಿಯಲ್ಲಿ ಮನೆಯದೂ ಕಚೇರಿಯದೂ ಒಂದೇ 192.168.1ರ ಸರಣಿಯಾಗಿದೆಯೇ ಎಂದು ನೋಡಬೇಕು. ಆಗಿದ್ದರೆ, ಕಚೇರಿಯ ಕರೆಸರ್ವರಿನ ವಿಳಾಸವನ್ನು ದೂರವಾಣಿ ತನ್ನ ಮನೆಯೊಳಗಿನದೇ ಎಂದು ಭಾವಿಸಿ ಸುರಂಗದತ್ತ ತಿರುಗುವುದೇ ಇಲ್ಲ. ಮನೆಯ ಸರಣಿಯನ್ನು ಬದಲಿಸುವುದು ಕಚೇರಿಯದನ್ನು ಬದಲಿಸುವುದಕ್ಕಿಂತ ಸುಲಭವೆಂದು ಹೇಳಬೇಕಾದುದಿಲ್ಲ.

ಹೊರಕರೆ ಸುಗಮವಾಗಿದ್ದು ಕೆಲವು ನಿಮಿಷಗಳ ಮೌನದ ಬಳಿಕ ಒಳಕರೆ ಬಾರದಿರುವುದು ಕೋಷ್ಟಕದ ಮರೆವಿನ ನಿಶ್ಚಿತಪ್ರಾಯವಾದ ಲಕ್ಷಣ. ಯುಡಿಪಿ ನಮೂದನ್ನು ಸಾಮಾನ್ಯವಾಗಿ 2 ನಿಮಿಷಗಳಿಗೆ ಮುನ್ನ ಅಳಿಸಕೂಡದೆಂದು 2007ರ ಆರ್‌ಎಫ್‌ಸಿ 4787 ವಿಧಿಸಿದ್ದರೂ, ಅದಕ್ಕೂ ಬಹಳ ಮೊದಲೇ ಮರೆತುಬಿಡುವ ರೂಟರುಗಳಿವೆ. ದೂರವಾಣಿಯ ಜಾಗೃತಿಸಂದೇಶದ ಅವಧಿಯನ್ನು ಇಳಿಸುವುದೇ ಇಲ್ಲಿ ಯುಕ್ತವಾದ ಮದ್ದು.

ಏಕಮುಖ ಧ್ವನಿ ಮತ್ತು ಒಂದು ಅನುಚಿತ ಸಲಹೆ

ಒಬ್ಬರ ಮಾತು ಕೇಳಿ ಮತ್ತೊಬ್ಬರದು ಕೇಳದಿದ್ದಾಗ, ರೂಟರಿನಲ್ಲಿ, ಕರೆಸಂಕೇತಗಳ ಸಿಪ್ ಸಂದೇಶಗಳನ್ನು ತಿದ್ದುವ, ಸಿಪ್ ಎಎಲ್‌ಜಿಯನ್ನು ನಿಲ್ಲಿಸಿರೆಂಬ ಸಲಹೆ ಎಲ್ಲೆಡೆ ಪ್ರಚಲಿತವಾಗಿದೆ. ತೆರೆದ ಅಂತರ್ಜಾಲದಲ್ಲಿ ನಡೆಯುವ ಸಿಪ್ ದೂರವಾಣಿಗೆ ಇದು ಸಾಧುವಾದ ಸಲಹೆಯೇ. ಆದರೆ ವಿಪಿಎನ್ ದೂರವಾಣಿಯಲ್ಲಿ ಕರೆಯ ಸಂಕೇತಗಳೂ ಧ್ವನಿಯೂ ಗೂಢಲಿಪಿಯೊಳಗಿರುವುದರಿಂದ, ತಾನು ಕಾಣಲಾರದ ಸಿಪ್ ಸಂದೇಶವನ್ನು ರೂಟರು ಕೆಡಿಸಲಾರದು. ಈ ಸಲಹೆಯನ್ನು ಹಿಂಬಾಲಿಸಿ ಕಳೆದ ಕಾಲ ನಷ್ಟವೇ ಸರಿ. ಏಕಮುಖ ಧ್ವನಿಯ ಮೂಲವನ್ನು ಕಚೇರಿಯ ಕಡೆಯಲ್ಲಿಯೇ ಅರಸಬೇಕು. ಸಂಕೇತಗಳು ಕರೆಸರ್ವರಿಗೆ ಹೋದರೆ, ಧ್ವನಿ ಬಹುವೇಳೆ ಎರಡು ದೂರವಾಣಿಗಳ ನಡುವೆ ನೇರವಾಗಿ ಹರಿಯುತ್ತದೆ. ವಿಪಿಎನ್ ದ್ವಾರ ಹಂಚಿದ ವಿಳಾಸಗಳತ್ತ ಮರಳುವ ಮಾರ್ಗ ಸರ್ವರಿನ ಜಾಲಕ್ಕೆ ತಿಳಿದಿದ್ದು ಉಳಿದ ದೂರವಾಣಿಗಳ ಜಾಲಕ್ಕೆ ತಿಳಿಯದಿದ್ದರೆ ಗಂಟೆ ಬಾರಿಸಿಯೂ ದನಿ ಬಾರದು. ಮನೆಯಿಂದ ದುಡಿಯುವ ಇಬ್ಬರ ನಡುವೆ ಮಾತ್ರ ಈ ದೋಷ ಕಂಡರೆ, ಒಂದು ಸುರಂಗದಿಂದ ಬಂದುದನ್ನು ಇನ್ನೊಂದು ಸುರಂಗಕ್ಕೆ ಹೊರಳಿಸಲು ದ್ವಾರಕ್ಕೆ ಅನುಮತಿಯಿದೆಯೇ ಎಂಬುದನ್ನು ವಿಚಾರಿಸತಕ್ಕದ್ದು.

ಧ್ವನಿಯ ಗುಣಮಟ್ಟ

ಜಿ.729 ಕ್ರಮದಲ್ಲಿ ಧ್ವನಿಗೆ ತಗಲುವುದು ಸೆಕೆಂಡಿಗೆ 8 ಕಿಲೋಬಿಟ್ ಮಾತ್ರವೆಂಬ ಮಾತು ಸುರಂಗದೊಳಗೆ ನಿಲ್ಲದು. 20 ಮಿಲಿಸೆಕೆಂಡಿಗೊಂದರಂತೆ ಹೊರಡುವ ಪ್ಯಾಕೆಟ್ಟಿನಲ್ಲಿ ಧ್ವನಿ 20 ಬೈಟು. ಆರ್‌ಟಿಪಿ, ಯುಡಿಪಿ, ಐಪಿ ತಲೆಬರಹಗಳು ಸೇರಿ 60. ಎಇಎಸ್ ಸಿಬಿಸಿ ಗೂಢಲಿಪಿ, 12 ಬೈಟಿನ ಮುದ್ರೆ, ನ್ಯಾಟ್ ಟ್ರಾವರ್ಸಲ್‌ನ ಹೊದಿಕೆ ಮತ್ತು ಹೊರಗಿನ ತಲೆಬರಹ ಕೂಡಿ 128 ಬೈಟುಗಳಾಗಿ, ಒಟ್ಟು ಸುಮಾರು 51 ಕಿಲೋಬಿಟ್‌ಗಳಾಗುತ್ತವೆ. 64 ಕಿಲೋಬಿಟ್‌ನ ಜಿ.711 ಇದೇ ಲೆಕ್ಕದಲ್ಲಿ ಸುಮಾರು 109ಕ್ಕೇರುತ್ತದೆ. ಇಂದಿನ ಫೈಬರ್ ಸಂಪರ್ಕಗಳಿಗೆ ಇದು ಹೊರೆಯಲ್ಲ. ಧ್ವನಿ ಕಡಿದುಹೋಗುವುದಕ್ಕೆ ಬಹುತರವಾಗಿ ಕಾರಣ, ಮನೆಯ ಮತ್ತೊಂದು ಉಪಕರಣ ದೊಡ್ಡ ಕಡತವನ್ನು ಮೇಲೇರಿಸುವಾಗ ರೂಟರಿನಲ್ಲಿ ಬೆಳೆಯುವ ಸರದಿ. ಒಮ್ಮುಖ ವಿಳಂಬ 150 ಮಿಲಿಸೆಕೆಂಡಿನೊಳಗಿರುವುದು ಒಳಿತೆಂದು ಐಟಿಯು ಸಂಸ್ಥೆಯ ಜಿ.114 ಶಿಫಾರಸು ಹೇಳುತ್ತದೆ. ಸುರಂಗದೊಳಗಿನ ಧ್ವನಿಯನ್ನು ರೂಟರು ಗುರುತಿಸಲಾರದಾದ್ದರಿಂದ ಆದ್ಯತೆಯನ್ನು ದೂರವಾಣಿಯ ವಿಳಾಸಕ್ಕೋ ಯುಡಿಪಿ 4500ಕ್ಕೋ ಕೊಡಬೇಕು.

ಭಾರತದಲ್ಲಿ

ಕಾಲ್ ಸೆಂಟರು ಮುಂತಾದ ಸೇವಾಸಂಸ್ಥೆಗಳ ನೌಕರರು ಮನೆಯಿಂದ ದುಡಿಯುವುದರ ಮೇಲಿದ್ದ ನಿರ್ಬಂಧಗಳನ್ನು ಕೇಂದ್ರ ದೂರಸಂಪರ್ಕ ಇಲಾಖೆ 2020ರ ಮಾರ್ಚಿನಲ್ಲಿ ತಾತ್ಕಾಲಿಕವಾಗಿ ಸಡಿಲಿಸಿ, ಅದೇ ವರ್ಷದ ನವೆಂಬರಿನ ಮಾರ್ಗಸೂಚಿಗಳಲ್ಲಿ ವ್ಯಾಪಕವಾಗಿ ತೆಗೆದುಹಾಕಿತು. ಬೆಂಗಳೂರಿನಂಥ ನಗರಗಳಿಗೆ ಇದರ ಪರಿಣಾಮ ದೊಡ್ಡದು. ಇಲ್ಲಿನ ಮನೆಗಳಲ್ಲಿ ಸೇವಾದಾರರು ಕೊಟ್ಟ ಫೈಬರ್ ಪೆಟ್ಟಿಗೆಯ ಹಿಂದೆ ಚಂದಾದಾರರು ಸ್ವಂತ ರೂಟರನ್ನಿಡುವುದರಿಂದ ನ್ಯಾಟ್ ಇಮ್ಮಡಿಯಾಗುತ್ತದೆ, ಸೇವಾದಾರರೇ 100.64ರಿಂದ ಮೊದಲಾಗುವ ಹಂಚಿಕೆಯ ವಿಳಾಸ ಕೊಟ್ಟಿದ್ದರೆ ಮುಮ್ಮಡಿ. ಮೊದಲ ಪೆಟ್ಟಿಗೆಯನ್ನು ಬ್ರಿಡ್ಜ್ ಸ್ಥಿತಿಗೆ ತಂದರೆ ಒಂದು ಮಡಿ ಇಳಿಯುತ್ತದೆ. ಮೊಬೈಲ್ ಹಾಟ್‌ಸ್ಪಾಟಿನ ಮೂಲಕ ದೂರವಾಣಿಯನ್ನು ಜೋಡಿಸಿ ನೋಡುವುದು ರೂಟರಿನ ಪಾಲನ್ನು ಬೇರ್ಪಡಿಸುವ ಅತ್ಯಂತ ಸುಲಭವಾದ ಪರೀಕ್ಷೆ. ವಿದ್ಯುತ್ತು ಹೋಗಿಬರುವ ಊರುಗಳಲ್ಲಿ ಫೈಬರ್ ಪೆಟ್ಟಿಗೆ, ರೂಟರು, ದೂರವಾಣಿ ಮೂರನ್ನೂ ಒಂದೇ ಯುಪಿಎಸ್‌ಗೆ ಜೋಡಿಸುವುದು ಉಚಿತ.