‘ಡೋಂಟ್’, ‘ವೋಂಟ್’ಗಳ ಪೂರ್ವಕಥೆ



ಇಂಗ್ಲಿಷಿನ ‘ಡೋಂಟ್’, ‘ಕಾಂಟ್’, ‘ವೋಂಟ್’ ಮುಂತಾದ ಸಂಕ್ಷಿಪ್ತ ರೂಪಗಳು ಈ ಕಾಲದ ಅವಸರದಿಂದ ಹುಟ್ಟಿದ ಅಶುದ್ಧ ಪ್ರಯೋಗಗಳೆಂದು ಅನೇಕರು ಭಾವಿಸಿದ್ದಾರೆ. ಚರಿತ್ರೆ ಹೇಳುವುದೇ ಬೇರೆ. ಸಾವಿರ ವರ್ಷಗಳ ಹಿಂದಿನ ಪ್ರಾಚೀನ ಇಂಗ್ಲಿಷಿನಲ್ಲಿಯೇ ನಿಷೇಧಾರ್ಥದ ‘ನೆ’ ಎಂಬ ಪದವು ‘ಇಸ್’ ಎಂಬುದರೊಡನೆ ಕೂಡಿ ‘ನಿಸ್’ ಎಂದಾಗುತ್ತಿತ್ತು. ಬಿಟ್ಟುಹೋದ ಅಕ್ಷರದ ಸ್ಥಾನವನ್ನು ಸೂಚಿಸುವ ಅಪಾಸ್ಟ್ರಫಿ ಚಿಹ್ನೆಯು ಮಾತ್ರ ತಡವಾಗಿ, 16ನೆಯ ಶತಮಾನದಲ್ಲಿ, ಫ್ರೆಂಚ್ ಬರವಣಿಗೆಯನ್ನು ಅನುಸರಿಸಿ ಬಂದಿತು.

ಈ ರೂಪಗಳಿಗೆ ವಿರೋಧವೂ ಕಡಿಮೆಯಿರಲಿಲ್ಲ. 1710ರಲ್ಲಿ ಜೊನಾಥನ್ ಸ್ವಿಫ್ಟ್ ‘ದಿ ಟ್ಯಾಟ್ಲರ್’ ಪತ್ರಿಕೆಯಲ್ಲಿ ಇವುಗಳನ್ನು ಕಟುವಾಗಿ ಹಳಿದನು. ಮರುವರ್ಷವೇ ಜೋಸೆಫ್ ಅಡಿಸನ್ ‘ದಿ ಸ್ಪೆಕ್ಟೇಟರ್’ನಲ್ಲಿ ಇವು ಭಾಷೆಯನ್ನು ಕರ್ಕಶಗೊಳಿಸುತ್ತವೆಂದು ಆಕ್ಷೇಪಿಸಿದನು. ಆದರೆ ಪಂಡಿತರ ಲೇಖನಿಗಿಂತ ಜನರ ನಾಲಗೆಯೇ ಬಲವಾಯಿತು.

‘ವಿಲ್ ನಾಟ್’ ಎಂಬುದು ‘ವಿಲಂಟ್’ ಆಗದೆ ‘ವೋಂಟ್’ ಏಕಾಯಿತೆಂದು ನೀವು ತರಗತಿಯಲ್ಲಿ ಕೇಳುತ್ತಿದ್ದಿರಿ. ‘ವಿಲ್’ ಪದಕ್ಕೆ ಹಿಂದೆ ‘ವೋಲ್’ ಎಂಬ ರೂಪಾಂತರವೂ ಇತ್ತು. ಆ ರೂಪ ಅಳಿಯಿತು, ‘ವೋಂಟ್’ನಲ್ಲಿ ಅದರ ಗುರುತು ಉಳಿಯಿತು. ಅಪಾಸ್ಟ್ರಫಿಯ ವಿಷಯದಲ್ಲಂತೂ ಆಂಗ್ಲ ಲೇಖಕರಲ್ಲೇ ಒಮ್ಮತವಿರಲಿಲ್ಲ. ‘ಆಲಿಸ್’ ಕಥೆಗಳ ಕರ್ತೃ ಲೂಯಿ ಕ್ಯಾರೊಲ್, ಎರಡು ಕಡೆ ಅಕ್ಷರ ಲೋಪವಾದರೆ ಎರಡು ಚಿಹ್ನೆ ಬೇಕೆಂದು ವಾದಿಸಿ ‘ವೋಂಟ್’ಗೆ ಎರಡನ್ನು ಹಾಕಿದನು. ಬರ್ನಾರ್ಡ್ ಷಾ ಒಂದೂ ಬೇಡವೆಂದು ‘ಡೋಂಟ್’, ‘ವೋಂಟ್’ಗಳನ್ನು ಚಿಹ್ನೆಯಿಲ್ಲದೆಯೇ ಅಚ್ಚು ಹಾಕಿಸಿದನು.

ಐದನೆಯ ತರಗತಿಯಲ್ಲಿ ಎ, ಬಿ, ಸಿ, ಡಿ ಆರಂಭಿಸಿ ಪ್ರೌಢಶಾಲೆಗೆ ಬರುತ್ತಿದ್ದ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಪುಸ್ತಕದ ‘ಡು ನಾಟ್’ ತಿಳಿದಿರುತ್ತಿತ್ತು. ರೇಡಿಯೋದಲ್ಲಿ ‘ಡೋಂಟ್’ ಕೇಳಿದರೆ ಅದು ಬೇರೆ ಯಾವುದೋ ಪದವೆಂದು ಗಾಬರಿಗೊಳ್ಳುತ್ತಿದ್ದರು. ‘ನಮಗೆ ಇಂಗ್ಲಿಷ್ ಬರುವುದಿಲ್ಲ ಸಾರ್’ ಎಂದು ಕುಗ್ಗಿಬಿಡುತ್ತಿದ್ದರು. ಆಗ ನಾನು ಕನ್ನಡ ವ್ಯಾಕರಣದ ಲೋಪಸಂಧಿಯ ಮೊರೆಹೋಗುತ್ತಿದ್ದೆ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಒಂದು ಸ್ವರ ಬಿಟ್ಟುಹೋಗುತ್ತದೆ. ‘ಡು ನಾಟ್’ ಎಂಬುದು ‘ಡೋಂಟ್’ ಆಗುವಾಗಲೂ ಹಾಗೆಯೇ ಒಂದು ಅಕ್ಷರ ಲೋಪವಾಗುತ್ತದೆ. ನಾವು ಗುರುತು ಹಾಕುವುದಿಲ್ಲ, ಅವರು ಹಾಕುತ್ತಾರೆ, ಅಷ್ಟೇ ವ್ಯತ್ಯಾಸ ಎಂದೊಡನೆ ಮಕ್ಕಳ ಮುಖ ಅರಳುತ್ತಿತ್ತು. ಮನೆಯಲ್ಲಿ ‘ಬರಲ್ಲ’ ಎಂದು, ಪರೀಕ್ಷೆಯಲ್ಲಿ ‘ಬರುವುದಿಲ್ಲ’ ಎಂದು ಬರೆಯುವ ಮಗುವಿಗೆ ಈ ವಿವೇಕ ಮೊದಲೇ ಇರುತ್ತದೆ.

ನಿಮ್ಮಲ್ಲಿ ಹಲವರು ಈಗ ಸ್ವತಃ ಶಿಕ್ಷಕರು, ತಂದೆತಾಯಿಗಳು. ಅರ್ಜಿಯಲ್ಲಿ ಪೂರ್ಣ ರೂಪ, ಮಾತಿನಲ್ಲಿ ಸಂಕ್ಷಿಪ್ತ ರೂಪ ಎಂಬ ಭೇದವನ್ನು ಮಕ್ಕಳಿಗೆ ಅವಶ್ಯವಾಗಿ ತಿಳಿಸಿ. ಆದರೆ ಆಡುವ ರೂಪವನ್ನು ತಪ್ಪೆಂದು ಗದರಿಸಬೇಡಿ. ಹೆದರಿದ ಮಗು ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯದೆ ಯಾವ ಭಾಷೆಯೂ ಬರುವುದಿಲ್ಲ.